ಒಂಬತ್ತನೇ ಕಾಲಂ

ಮೂರು ದಿನದಿಂದ ಆ ಲಾರಿ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಿತ್ತು. ಕೊರಿಯಾದ ಸೋಲ್ ನಗರದ ತೆಹೆರಾನ್ ರಸ್ತೆಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಸುತ್ತು ಹೊಡೆದು, ಊಟದ ಹೊತ್ತಿಗೆ ಸರಿಯಾಗಿ ಹಾನ್‌ಬ್ಯೊಲ್ ತಂಡದ ಕಚೇರಿ ಎದುರು ಬಂದು ನಿಂತುಬಿಡುತ್ತಿತ್ತು. ಕಟ್ಟಡದ ಅಷ್ಟೂ ಜನ ಊಟಕ್ಕೆ ಕೆಳಗಿಳಿಯುವ ಹೊತ್ತು ಅದೇ ಅಂತ ಕಳಿಸಿದವರಿಗೆ ಚೆನ್ನಾಗಿ ಗೊತ್ತಿತ್ತು. ಲಾರಿಯ ಮೂರು ಬದಿಗೂ ಮಿನುಗುವ ಪರದೆ. ಅದರ ಮೇಲೆ ಮೊದಲು ಸೋಕ್ ಜೇಹಾನ ಮುಖ, ಆಮೇಲೆ ಅವನ ಬಲ ಮಣಿಕಟ್ಟಿಗೆ ಅಂಟಿಸಿದ ನೋವಿನ ಪಟ್ಟಿ, ಆಮೇಲೆ ಕೆಂಪು ಅಕ್ಷರ: "ದೋ ಯೂನ್‌ಹ್ವಾ, ಜೇಹಾನ ಕೈಯನ್ನು ಯಾರಿಗೆ ಮಾರಿದೆ?"

ಹೆಸರಿನ ಮುಂದೆ ಮರ್ಯಾದೆಯ ಒಂದು ಪದವೂ ಇರಲಿಲ್ಲ.

ಯೂನ್‌ಹ್ವಾ ಏಳನೇ ಮಹಡಿಯ ಕಿಟಕಿಯಿಂದ ಅದನ್ನು ಓದಿ ಹಲ್ಲು ಕಡಿದಳು. ಹಿಂದೆ ಇಪ್ಪತ್ತು ಜನ ತಲೆ ಎತ್ತದೆ ಕೀಲಿಮಣೆ ಕುಟ್ಟುತ್ತಿದ್ದರು. ಯಾರಿಗೂ ಏನೂ ಕಾಣದು, ಎಲ್ಲರಿಗೂ ಎಲ್ಲ ಗೊತ್ತು. ಮಾರಿದ್ದು ನಾನಾ? ಮೂರು ದಿನದಿಂದ ಅವಳು ಇದೊಂದೇ ಮಾತನ್ನು ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದಳು. ತಂಡ ಗೂ ಇಲ್‌ಸೊಪ್‌ನದು. ಒಪ್ಪಂದಕ್ಕೆ ಮೊಹರು ಒತ್ತಿದ್ದು ಗೂ ಇಲ್‌ಸೊಪ್. "ವಿದೇಶದ ವ್ಯವಹಾರ ಅಲ್ವಾ, ಪ್ರಕಟಣೆಯಲ್ಲಿ ನಿನ್ನ ಹೆಸರೇ ಇರಲಿ, ನೋಡೋಕೆ ಚೆಂದ" ಅಂದವನೂ ಅವನೇ. ಈಗ ಬೀದಿಯಲ್ಲಿ ಮಾನ ಹರಾಜಾಗುತ್ತಿರುವುದು ಅವಳದು, ಅವನು ಒಳಗೆ ಕೂತು ಗಾಲ್ಫ್ ಕೋಲು ಒರೆಸುತ್ತಿದ್ದ.

ಅವಳು ಹಾನ್‌ಬ್ಯೊಲ್‌ನ ವಿದೇಶೀ ಪಾಲುದಾರಿಕೆ ವಿಭಾಗದ ಮುಖ್ಯಸ್ಥೆ, ಕಚೇರಿಯವರ ಬಾಯಲ್ಲಿ ಟೀಮ್‌ಜಾಂಗ್. ಹಾನ್‌ಬ್ಯೊಲ್ ಎಂದರೆ ಕಂಪ್ಯೂಟರ್ ಮುಂದೆ ಕೂತು ಐವರು ಐವರ ವಿರುದ್ಧ ಆಡುವ ಆಟದಲ್ಲಿ ಎರಡು ಸಲ ದೇಶ ಗೆದ್ದ ತಂಡ. ಹ್ಯಾಂಬರ್ಗಿನ ಕ್ರಾನ್‌ಹೋಲ್ಟ್ ಎಂಬ ಕಂಪನಿ ಆಟಗಾರರಿಗೆಂದೇ ಮೌಸ್ ತಯಾರಿಸುತ್ತದೆ. ಕಳೆದ ನವೆಂಬರಿನಲ್ಲಿ ಒಪ್ಪಂದವಾಯಿತು. ಜನವರಿಯಿಂದ ಐವರೂ ಅದೇ ಮೌಸ್ ಹಿಡಿದರು. ನಾಲ್ವರಿಗೆ ಏನೂ ಆಗಲಿಲ್ಲ. ಜೇಹಾನಿಗೆ ಆಯಿತು. ಏಳು ವರ್ಷ ಒಂದೇ ಸಣ್ಣ, ಚಪ್ಪಟೆ ಮೌಸ್ ಹಿಡಿದ ಕೈ ಅದು. ಅಗಲ ಬೆನ್ನಿನ ಹೊಸದು ಅವನ ಹೆಬ್ಬೆರಳಿನ ನರವನ್ನು ದಿನಕ್ಕೆ ಹನ್ನೆರಡು ಗಂಟೆ ಜಗ್ಗಿತು. ಅವನಿಗೀಗ ಇಪ್ಪತ್ತೇಳು. ದೇಶದ ಕಾಯಿದೆಯಂತೆ ಚಳಿಗಾಲಕ್ಕೆ ಸೈನ್ಯಕ್ಕೆ ಸೇರಲೇಬೇಕು, ತಿರುಗಿ ಬರುವ ಹೊತ್ತಿಗೆ ಈ ಆಟದಲ್ಲಿ ಅವನು ಮುದುಕ. ಒಂಬತ್ತು ದಿನಕ್ಕೆ ಫೈನಲ್ ಪಂದ್ಯ ಇತ್ತು. ಅವನ ಬದುಕಿನ ಕೊನೆಯ ಪಂದ್ಯ ಅದು, ಆ ಕೈಯಲ್ಲಿ ಅದನ್ನು ಆಡಲಾದೀತೋ ಇಲ್ಲವೋ ಎಂಬುದು ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಇವತ್ತು ಹ್ಯಾಂಬರ್ಗಿನಿಂದ ಕ್ರಾನ್‌ಹೋಲ್ಟ್ ಕಂಪನಿಯ ಬಿರ್ಗಿಟ್ ಬರುವವಳಿದ್ದಳು, ಒಪ್ಪಂದವನ್ನು ಇನ್ನೆರಡು ವರ್ಷ ಮುಂದುವರಿಸಲು. ಹನ್ನೆರಡೂಕಾಲಿಗೆ ಪ್ರಚಾರ ವಿಭಾಗದ ನಮ್‌ಗುಂಗ್ ಫೋನ್ ಹಿಡಿದು ಓಡಿ ಬಂದ.

"ಟೀಮ್‌ಜಾಂಗ್, ಮುಗೀತು ನಮ್ಮ ಕಥೆ. ಇದನ್ನ ನೋಡಿ."

ಫೋಟೋದಲ್ಲಿ ಬಿರ್ಗಿಟ್ ಲಾರಿಯ ಪಕ್ಕ ನಿಂತಿದ್ದಳು. ಹೆಗಲಿಗೆ ಚೀಲ, ಬಿಸಿಲಿಗೆ ಕೆಂಪಾದ ಮೂಗು, ಬಾಯಿ ತುಂಬ ನಗು, ಹೆಬ್ಬೆರಳು ಮೇಲೆ. ಹಿಂದೆ ಪರದೆಯಲ್ಲಿ ಜೇಹಾನ ಪಟ್ಟಿ ಕಟ್ಟಿದ ಕೈ. ಕೆಳಗೆ ಕಂಪನಿಯ ಅಧಿಕೃತ ಪುಟದಲ್ಲಿ ಅವಳೇ ಬರೆದಿದ್ದಳು: "ಸೋಲ್‌ನಲ್ಲಿ ಎಂಥಾ ಸ್ವಾಗತ! ಈ ಅಭಿಮಾನಿಗಳಿಗೆ ಸಾಟಿ ಇಲ್ಲ!"

"ನಾಲ್ಕು ನಿಮಿಷ ಆಗಿದೆ ಅಷ್ಟೆ, ಒಂಬೈನೂರು ಜನ ಉಗಿದಾಗಿದೆ" ಅಂದ ನಮ್‌ಗುಂಗ್. "ಹೆಬ್ಬೆರಳು ಬೇರೆ ಎತ್ತಿದಾರಲ್ಲ ಈಯಮ್ಮ. ಅದೂ ಆ ಕೈ ಮುಂದೆ!"

ಬಿರ್ಗಿಟ್‌ಳದೇನೂ ತಪ್ಪಿರಲಿಲ್ಲ. ಈ ಊರಿನ ಅಭಿಮಾನಿಗಳು ಖುಷಿಯಾದರೂ ಲಾರಿ ಕಳಿಸುತ್ತಾರೆ, ಸಿಟ್ಟು ಬಂದರೂ ಲಾರಿ ಕಳಿಸುತ್ತಾರೆ. ನೂರಾರು ಜನ ಕೈಯಿಂದ ದುಡ್ಡು ಹಾಕಿ ಬಾಡಿಗೆಗೆ ಹಿಡಿಯುತ್ತಾರೆ. ಹೋದ ವರ್ಷ ಅವಳು ಬಂದಾಗ ಇದೇ ಜಾಗದಲ್ಲಿ ಜೇಹಾನ ಇದೇ ಮುಖ ಅಂಟಿಸಿದ ಕಾಫಿ ಲಾರಿ ನಿಂತಿತ್ತು. ಆಟಗಾರರಿಗೂ ಸಿಬ್ಬಂದಿಗೂ ಬಿಟ್ಟಿ ಕಾಫಿ, ಬೆಲ್ಲದ ಪಾಕ ತುಂಬಿದ ಬಿಸಿ ದೋಸೆ. ಅವಳು ಮೂರು ತಿಂದಿದ್ದಳು. ಈ ಸಲ ಕಾಫಿ ಯಾಕೆ ಕೊಡುತ್ತಿಲ್ಲ ಅಂತ ಚಾಲಕನನ್ನು ಕೇಳಿಯೂ ಇದ್ದಳಂತೆ.

ಗೂ ಇಲ್‌ಸೊಪ್ ಫೋಟೋ ನೋಡಿ ತೊಡೆ ತಟ್ಟಿಕೊಂಡು ನಕ್ಕ.

"ಒಳ್ಳೇದೇ ಆಯ್ತಲ್ಲಮ್ಮಾ ದೋ ಟೀಮ್‌ಜಾಂಗ್! ಸ್ವಾಗತ ಅಂದ್ಕೊಂಡಿದಾಳೆ ತಾನೆ? ಅಂದ್ಕೊಳ್ಳಲಿ ಬಿಡು. ಕೇಳಿದ್ರೆ ಸ್ವಾಗತ ಅಂತ್ಲೇ ಹೇಳು. ಮೊಹರು ಬಿದ್ದ ಮೇಲೆ ಆ ಲಾರಿಯೋನು ಏನು ಬೇಕಾದ್ರೂ ಬರ್ಕೊಳ್ಳಲಿ."

"ಡೇಪ್ಯೋನಿಮ್, ಕೆಳಗೆ ಜನ ಬರೀತಿರೋದನ್ನ ಅವರು ಭಾಷಾಂತರಕ್ಕೆ ಹಾಕಿ ಓದಿದ್ರೆ?" ಮಾಲೀಕನನ್ನು ಈ ಊರಿನಲ್ಲಿ ಹಾಗೆಯೇ ಕರೆಯಬೇಕು.

"ಯಂತ್ರ ಉಲ್ಟಾ ಹೇಳತ್ತೆ ಅನ್ನು. ಇಲ್ಲಾ ಮಕ್ಕಳಾಟ ಅನ್ನು. ಹನ್ನೊಂದು ವರ್ಷದಿಂದ ನಿನ್ನ ಇಟ್ಕೊಂಡಿರೋದು ಯಾತಕ್ಕೆ ಮತ್ತೆ?"

ಯಾತಕ್ಕೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನ ಬಾಯಿಂದ ಬಿದ್ದದ್ದನ್ನು ತೊಳೆದು, ಒರೆಸಿ, ಇಸ್ತ್ರಿ ಮಾಡಿ ಆಚೆಯವರ ಕೈಗಿಡುವುದಕ್ಕೆ. ಅವನು "ಈ ಬೋಳುತಲೆಯವನಿಗೆ ಆಟದ ಗಂಧಗಾಳಿ ಇಲ್ಲ" ಅಂದರೆ ಅವಳು "ನಿಮ್ಮ ಹೊಸ ದೃಷ್ಟಿ ನಮಗೆ ಇಷ್ಟವಾಯಿತು" ಅನ್ನಬೇಕು. ಅವರು "ನಿಮ್ಮ ಲೆಕ್ಕ ನಂಬೋಕಾಗಲ್ಲ" ಅಂದರೆ ಅವಳು ಇವನಿಗೆ "ಇನ್ನಷ್ಟು ವಿವರ ಕೇಳ್ತಿದಾರೆ" ಅನ್ನಬೇಕು. ಹನ್ನೊಂದು ವರ್ಷದಲ್ಲಿ ಒಂದು ಜಗಳ ಆಗಿಲ್ಲ, ಒಂದು ಒಪ್ಪಂದ ಮುರಿದಿಲ್ಲ. ಅದನ್ನು ಅವಳು ತನ್ನ ಕಸುಬಿನ ಹೆಮ್ಮೆ ಅಂದುಕೊಂಡಿದ್ದಳು.

ಸಭೆಯ ಕೋಣೆಯಲ್ಲಿ ಮೇಜಿನ ಮೇಲೆ ಕಾಗದ, ಮೊಹರಿನ ಡಬ್ಬಿ, ಊಟದ ಪೊಟ್ಟಣ, ಐಸ್ ಹಾಕಿದ ಕಾಫಿ ಎಲ್ಲ ಸಾಲಾಗಿ ಕೂತಿದ್ದವು. ಬಿರ್ಗಿಟ್ ಐವತ್ತು ದಾಟಿದ ದೊಡ್ಡ ದನಿಯ ಹೆಂಗಸು. ಎಲ್ಲರನ್ನೂ ಬರೀ ಹೆಸರು ಹಿಡಿದು ಕರೆಯುತ್ತಿದ್ದಳು, ಅದಕ್ಕೆ ಈ ಕಚೇರಿಯಲ್ಲಿ ಯಾರಿಗೂ ಇನ್ನೂ ಅಭ್ಯಾಸವಾಗಿರಲಿಲ್ಲ. ಕೂತವಳೇ ಇಂಗ್ಲಿಷಿನಲ್ಲಿ ಕೇಳಿದಳು.

"ಯೂನ್‌ಹ್ವಾ, ಆ ಲಾರಿ ಮೇಲೆ ಏನು ಬರ್ದಿದೆ ಹೇಳಿ. ನನ್ನ ಮಗಳು ಮನೆಯಿಂದ ಕೇಳ್ತಿದಾಳೆ."

ಗೂ ಇಲ್‌ಸೊಪ್ ನಗುಮುಖ ಕದಲಿಸದೆ ಕೊರಿಯನ್‌ನಲ್ಲಿ ಅಂದ: "ಹೇಳು ಹೇಳು. ಸ್ವಲ್ಪ ಹಲ್ಲು ಬಿಟ್ಕೊಂಡು ಹೇಳು."

ಸ್ವಾಗತ ಎಂಬ ಪದ ಅವಳ ನಾಲಿಗೆಯ ತುದಿಗೆ ಬಂದೇ ಇತ್ತು. ಎಂಥೆಂಥವನ್ನೋ ದಾಟಿಸಿದ ನಾಲಿಗೆಗೆ ಇದು ಯಾವ ಲೆಕ್ಕ. ಆದರೆ ಈ ಸಲ ಅದರಲ್ಲಿ ಬರೆದಿದ್ದದ್ದು ಅವಳ ಹೆಸರು. ಸುಸಾಂಗ್ ಮಾರುಕಟ್ಟೆಯಲ್ಲಿ ಹಸಿ ಮೀನು ಮಾರುವ ಅವಳ ತಾಯಿ ನಿನ್ನೆ ಫೋನ್ ಮಾಡಿ, "ಅದ್ಯಾರ ಕೈಯನ್ನೇ ಮಾರಿದ್ದು ನೀನು?" ಅಂತ ಕೇಳಿದ್ದಳು. ಮೈಯೆಲ್ಲ ಉರಿದುಹೋಯಿತು ಯೂನ್‌ಹ್ವಾಳಿಗೆ. ಆ ಉರಿಯಲ್ಲಿ ನ್ಯಾಯ ಎಷ್ಟಿತ್ತೋ, ಸೇಡು ಅದಕ್ಕಿಂತ ಹೆಚ್ಚೇ ಇತ್ತು.

"ಅದ್ರಲ್ಲಿ ಬರ್ದಿರೋದು ಇಷ್ಟು" ಅಂದಳು. "ದೋ ಯೂನ್‌ಹ್ವಾ, ಜೇಹಾನ ಕೈಯನ್ನ ಯಾರಿಗೆ ಮಾರಿದೆ? ದೋ ಯೂನ್‌ಹ್ವಾ ಅಂದ್ರೆ ನಾನು. ಯಾರಿಗೆ ಅಂದ್ರೆ ನಿಮಗೆ."

ಬಿರ್ಗಿಟ್‌ಳ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮುಖದ ಮೇಲೇ ಉಳಿಯಿತು.

"ಏನಂದೆ?" ಗೂ ಇಲ್‌ಸೊಪ್ ಕುರ್ಚಿಯಿಂದ ಮುಂದೆ ಬಾಗಿದ. "ಸ್ವಾಗತ ಅನ್ನೋಕೆ ಇಷ್ಟುದ್ದ ಯಾಕಮ್ಮಾ?"

"ಅವರು ಕೇಳ್ತಿದಾರೆ," ಅಂತ ಯೂನ್‌ಹ್ವಾ ಇಂಗ್ಲಿಷಿಗೆ ತಿರುಗಿಸಿದಳು, "ಲಾರಿಯಲ್ಲಿರೋದು ಸ್ವಾಗತ ಅಂತ ನಿಮಗೆ ಸುಳ್ಳು ಹೇಳೋಕೆ ನಾನು ಇಷ್ಟು ಹೊತ್ತು ಯಾಕೆ ತಗೊಂಡೆ ಅಂತ."

ಆಮೇಲೆ ತಡೆಯಲಿಲ್ಲ. ಮೌಸಿನ ಅಗಲ, ಹೆಬ್ಬೆರಳಿನ ನರ, ವೈದ್ಯರು ಜೂನ್‌ನಲ್ಲಿ ಬರೆದುಕೊಟ್ಟ ಚೀಟಿ, ಆ ಚೀಟಿಯನ್ನು "ಫೈನಲ್ ಮುಗಿಯೋವರೆಗೆ ಇದು ಹುಟ್ಟೇ ಇಲ್ಲ" ಅಂತ ಗೂ ಇಲ್‌ಸೊಪ್ ತನ್ನ ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದ್ದು, ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಮೂರು ದಿನದ ಮೇಲೆ ಮೊದಲ ಸಲ ಅವಳಿಗೆ ಹಸಿವಾಯಿತು. ಈಗ ಬಿರ್ಗಿಟ್ ಮೇಜು ಗುದ್ದುತ್ತಾಳೆ, ಗೂ ಇಲ್‌ಸೊಪ್‌ನ ಮುಖಕ್ಕೆ ಮಂಗಳಾರತಿಯಾಗುತ್ತದೆ, ಅದನ್ನು ತಾನು ಒಂದಕ್ಷರ ಬಿಡದೆ ಅವನ ಕಿವಿಗೆ ಹಾಕುತ್ತೇನೆ ಅಂತ ಕಾದಳು.

ಬಿರ್ಗಿಟ್ ಮೇಜು ಗುದ್ದಲಿಲ್ಲ. "ಯಾವಾಗಿನಿಂದ ನೋವು?" ಅಂತ ಕೇಳಿದಳು.

"ಜನವರಿಯಿಂದ ಜೋರು. ನವೆಂಬರಲ್ಲಿ ಮಾದರಿ ಮೌಸ್ ಹಿಡಿದಾಗ್ಲೇ ಅಗಲ ಜಾಸ್ತಿ ಅಂದಿದ್ದ."

"ನವೆಂಬರಲ್ಲೇ ಗೊತ್ತಿತ್ತು."

"ಹೌದು."

ಬಿರ್ಗಿಟ್ ತನ್ನ ಕಂಪ್ಯೂಟರ್ ತೆಗೆದು, ಏನೋ ಹುಡುಕಿ, ಪರದೆಯನ್ನು ಇವರ ಕಡೆ ತಿರುಗಿಸಿದಳು. ಯೂನ್‌ಹ್ವಾಳಿಗೆ ಅದು ನೋಡಿದ ಕೂಡಲೇ ಗುರುತು ಸಿಕ್ಕಿತು. ಹ್ಯಾಂಬರ್ಗಿನ ತಾಂತ್ರಿಕ ವಿಭಾಗ ಕಳಿಸುತ್ತಿದ್ದ ಪ್ರಶ್ನೆಪಟ್ಟಿ, ಹದಿನಾಲ್ಕು ಕಾಲಂ. ಒಂಬತ್ತನೆಯದರ ಮೇಲೆ ಬಿರ್ಗಿಟ್ ಬೆರಳಿಟ್ಟಳು. "ಮೌಸಿನ ಆಕಾರ ಯಾವುದಾದರೂ ಆಟಗಾರರ ಕೈಗೆ ಒಗ್ಗದಿದ್ದರೆ ಹೆಸರು ಬರೆಯಿರಿ." ನವೆಂಬರಿನ ಉತ್ತರ: ಯಾರೂ ಇಲ್ಲ. ಜನವರಿಯ ಉತ್ತರ: ಯಾರೂ ಇಲ್ಲ. ಮಾರ್ಚ್‌ನ ಉತ್ತರ: ಯಾರೂ ಇಲ್ಲ, ಎಲ್ಲರಿಗೂ ಬಹಳ ಸಂತೋಷವಾಗಿದೆ. ಮೂರರ ಕೆಳಗೂ ಒಂದೇ ಸಹಿ, ದೋ ಯೂನ್‌ಹ್ವಾ.

"ಇದನ್ನ ಯಾಕೆ ಕೇಳ್ತೀವಿ ಅಂದ್ಕೊಂಡಿದ್ರಿ ನೀವು?"

ಯೂನ್‌ಹ್ವಾ ಉತ್ತರ ಹುಡುಕಲಿಲ್ಲ, ಅದು ಇದ್ದದ್ದೇ ಒಂದು. "ತಪ್ಪು ಹುಡುಕೋಕೆ."

"ತಪ್ಪು ಹುಡುಕೋಕಾ!" ಈಗ ಬಿರ್ಗಿಟ್‌ಳ ದನಿ ಏರಿತು. "ನಮ್ಮ ಕಾರ್ಖಾನೆಯಲ್ಲಿ ಮೂರು ಜನ ಇದಾರೆ, ವರ್ಷವಿಡೀ ಇದೇ ಅವರ ಕೆಲಸ. ಹಳೇ ಮೌಸ್ ಕಳಿಸಿದ್ರೆ ಅದೇ ಆಕಾರದ ಕವಚ ಮಾಡಿ ಕೊಡ್ತಾರೆ. ಪೋಲೆಂಡಿನ ಹುಡುಗನಿಗೆ ಮಾಡಿದೀವಿ, ಬ್ರೆಜಿಲಿನ ಇಬ್ಬರಿಗೆ ಮಾಡಿದೀವಿ. ಆರು ವಾರದ ಕೆಲಸ. ಅಲ್ಲೀವರೆಗೆ ಅವರೆಲ್ಲ ಹಳೇದ್ರಲ್ಲೇ ಆಡಿದ್ರು, ಅದರ ಕಂಪನಿ ಹೆಸರಿನ ಮೇಲೊಂದು ಪಟ್ಟಿ ಅಂಟಿಸ್ಕೊಂಡು. ಏನು ಆಕಾಶ ಬಿತ್ತಾ? ನಾನು ಮೂರು ಸಲ ಕೇಳಿದೆ, ಯೂನ್‌ಹ್ವಾ. ಮೂರು ಸಲ!"

ಯೂನ್‌ಹ್ವಾಳ ಕಿವಿ ಬಿಸಿಯಾದವು. ಆ ಪಟ್ಟಿ ಬಂದ ದಿನ ಅವಳಿಗೆ ನೆನಪಿತ್ತು. ಯಾರನ್ನೂ ಕೇಳಿರಲಿಲ್ಲ. ಗೂ ಇಲ್‌ಸೊಪ್‌ಗೆ ತೋರಿಸಿಯೂ ಇರಲಿಲ್ಲ. ಹೊರಗಿನವರು ತೊಂದರೆ ಇದೆಯಾ ಅಂತ ಕೇಳಿದರೆ ಇಲ್ಲ ಅನ್ನಬೇಕು. ಅದು ಅವಳು ಓದಿದ ಶಾಲೆಯಲ್ಲೂ, ಕೆಲಸ ಕಲಿತ ಕಚೇರಿಯಲ್ಲೂ ಯಾರೂ ಬಾಯಿಬಿಟ್ಟು ಹೇಳಿಕೊಡದ, ಎಲ್ಲರಿಗೂ ಬರುವ ಪಾಠ. ಇದೆ ಅಂದರೆ ಮನೆಯ ಹುಳುಕನ್ನು ಬೀದಿಗೆ ಹಾಕಿದ ಹಾಗೆ. ಮೂರನೇ ಸಲವಂತೂ ಅವಳು ಪ್ರಶ್ನೆ ಓದಿರಲೇ ಇಲ್ಲ, ಹಳೆಯ ಉತ್ತರ ನಕಲು ಮಾಡಿ, ಚೆಂದಕ್ಕೆ ಇರಲಿ ಅಂತ "ಬಹಳ ಸಂತೋಷವಾಗಿದೆ" ಸೇರಿಸಿದ್ದಳು.

"ಏನಂತೆ, ಏನಂತೆ?" ಅಂತ ಗೂ ಇಲ್‌ಸೊಪ್ ಚಡಪಡಿಸಿದ. ಅವಳು ಒಂದಕ್ಷರ ಬಿಡದೆ ಹೇಳಿದಳು. ಬೇರೆಯವನಿಗೆ ಅಂತ ಕಾದಿಟ್ಟುಕೊಂಡ ಪ್ರಾಮಾಣಿಕತೆ ಅವಳ ಕೊರಳಿಗೇ ಬಿತ್ತು. ಕೇಳುತ್ತ ಕೇಳುತ್ತ ಅವನ ಹೆಗಲು ಕುರ್ಚಿಗೆ ಒರಗಿತು, ಮುಖ ಹಗುರಾಯಿತು.

"ಸಹಿ ನಿಂದೇ ಅಲ್ವಾ?"

"ನಂದೇ."

"ನನ್ನನ್ನ ಕೇಳಿದ್ಯಾ?"

"ಇಲ್ಲ."

"ಮತ್ತೆ?" ಅಂದ, ಅಷ್ಟೇ.

ಬಿರ್ಗಿಟ್ ಚೀಲ ಹೆಗಲಿಗೇರಿಸಿದಳು. "ಒಪ್ಪಂದ ಮುರೀತಿಲ್ಲ. ಇವತ್ತು ಸಹಿ ಹಾಕಲ್ಲ ಅಷ್ಟೇ. ಮೊದ್ಲು ಆ ಹುಡುಗನ ಕೈಗೆ ಅವನ ಮೌಸ್ ಕೊಡಿ, ಈಗ್ಲೇ." ಲಿಫ್ಟಿನವರೆಗೆ ಹೋಗಿ ನಿಂತು, ಫೋನ್ ತೆಗೆದು, ಆ ಫೋಟೋ ಅಳಿಸಿದಳು. ಯೂನ್‌ಹ್ವಾ ಸೊಂಟ ಬಗ್ಗಿಸಿ ನಮಸ್ಕರಿಸಿದ್ದನ್ನು ಅವಳು ನೋಡಲೇ ಇಲ್ಲ.

ಬಾಗಿಲು ಮುಚ್ಚಿದ ಮೇಲೆ ಗೂ ಇಲ್‌ಸೊಪ್ ಕೂಗಾಡುತ್ತಾನೆ ಅಂದುಕೊಂಡಿದ್ದಳು. ಅವನು ಅವಳಿಗೆ ಕಾಫಿಯ ಲೋಟ ಸರಿಸಿದ.

"ಕುಡಿ. ಹೆದರ್ಕೋಬೇಡ. ತಿಪ್ಪೆ ಸಾರಿಸೋಕೆ ಒಂದು ದಾರಿ ಇದೆ. ಜೇಹಾನ ಕೈಲಿ ಒಂದು ಕ್ಷಮಾಪಣೆ ಪತ್ರ ಬರೆಸು. ಕೈಬರಹದಲ್ಲೇ. ನೋವು ಇರೋದನ್ನ ತಂಡಕ್ಕೆ ಹೇಳ್ದೆ ನಾನೇ ಮುಚ್ಚಿಟ್ಟೆ, ಅಭಿಮಾನಿಗಳ ಕ್ಷಮೆ ಕೇಳ್ತೀನಿ, ಇಷ್ಟು. ಐದು ಗಂಟೆಗೆ ಪ್ರಕಟಿಸೋಣ. ಹ್ಯಾಂಬರ್ಗಿನೋರಿಗೂ ಅದನ್ನೇ ಕಳಿಸು, ಬಾಯಲ್ಲಿ ನೀನು ಏನಂದಿದ್ರೂ ಕಾಗದದಲ್ಲಿ ಉಳಿಯೋದು ಇದೇ. ಅವನೇ ಮುಚ್ಚಿಟ್ಟ ಅಂದ್ಮೇಲೆ ನಿನ್ನ ಸಹಿಗೂ ದೋಷ ಇಲ್ಲ, ನನಗೂ ಇಲ್ಲ."

"ಅವನ ಕೈಲಿ..."

"ಅಕ್ಷರ ನಡುಗಿದ್ರೆ ಇನ್ನೂ ಒಳ್ಳೇದೇ. ನೋಡಿದೋರ ಕರುಳು ಚುರುಕ್ ಅನ್ನತ್ತೆ. ಹೇಗೂ ಚಳಿಗಾಲಕ್ಕೆ ಸೈನ್ಯಕ್ಕೆ ಹೋಗೋನು, ಅವನಿಗೇನು ನಷ್ಟ ಹೇಳು?"

ಈ ನಾಡಿನಲ್ಲಿ ಹೆಸರಾದವರು ತಪ್ಪು ಮಾಡಿದರೆ ಬಿಳಿಯ ಹಾಳೆಯ ಮೇಲೆ ತಮ್ಮ ಕೈಯಾರೆ ಬರೆದು ಕ್ಷಮೆ ಕೇಳಬೇಕು. ಅಚ್ಚು ಹಾಕಿದ್ದನ್ನು ಯಾರೂ ನಂಬುವುದಿಲ್ಲ. ಕೈಬರಹವಿದ್ದರೆ ಜನ ಅಕ್ಷರ ಅಕ್ಷರ ಎಣಿಸಿ, ಎಲ್ಲಿ ಲೇಖನಿ ತಡವರಿಸಿತು ಅಂತ ನೋಡುತ್ತಾರೆ. ನಮ್‌ಗುಂಗ್ ಹತ್ತು ನಿಮಿಷದಲ್ಲಿ ಕರಡು ಮಾಡಿಕೊಟ್ಟ, ತಲೆ ಎತ್ತದೆ. ಯೂನ್‌ಹ್ವಾ ಅದನ್ನೂ ಒಂದಷ್ಟು ಬಿಳಿ ಹಾಳೆಗಳನ್ನೂ ಚೀಲಕ್ಕೆ ಹಾಕಿಕೊಂಡು ಟ್ಯಾಕ್ಸಿ ಹತ್ತಿದಳು. ಹರಿದು ಎಸೆಯಬಹುದಿತ್ತು. ಎಸೆಯಲಿಲ್ಲ, ಯಾಕೆಂದರೆ ಆ ಕರಡಿನಿಂದ ಅವಳ ಮಾನವೂ ಉಳಿಯುತ್ತಿತ್ತು. ಅದನ್ನು ಅವಳು ಟ್ಯಾಕ್ಸಿಯಲ್ಲಿ ಕೂತು ತನಗೆ ತಾನೇ ಹೇಳಿಕೊಂಡಳು, ಹೇಳಿಕೊಂಡು ತನ್ನ ಮೇಲೆ ತಾನೇ ಥೂ ಅಂದಳು.

ನೋನ್‌ಹ್ಯೋನ್ ಬಡಾವಣೆಯಲ್ಲಿದ್ದ ತಂಡದ ಅಭ್ಯಾಸದ ಮನೆಯಲ್ಲಿ ಮಧ್ಯಾಹ್ನದ ಮೊದಲ ಪಂದ್ಯ ಆಗಷ್ಟೇ ಮುಗಿದಿತ್ತು. ಉಳಿದವರು ಊಟಕ್ಕೆ ಹೋಗಿದ್ದರು. ಜೇಹಾ ಒಬ್ಬನೇ ತನ್ನ ಯಂತ್ರದ ಮುಂದೆ, ಬಲಗೈಯನ್ನು ಐಸ್ ಚೀಲದ ಕೆಳಗೆ ಇಟ್ಟುಕೊಂಡು ಕೂತಿದ್ದ. ಅವಳನ್ನು ಕಂಡು ಚೀಲವನ್ನು ಮೇಜಿನಡಿ ಸರಿಸಿ ಎದ್ದು ನಿಂತ.

"ನೂನಾ, ಬನ್ನಿ. ಊಟ ಆಯ್ತಾ? ಲಾರಿ ವಿಷ್ಯ ಕೇಳ್ದೆ. ನಿಲ್ಸಿ ಅಂತ ಬರ್ದಿದೀನಿ ನಾನು, ಅವರು ಕೇಳ್ತಿಲ್ಲ. ನನ್ನಿಂದ ನಿಮಗೆ ತೊಂದ್ರೆ ಆಯ್ತು." ತಂಡಕ್ಕೆ ಸೇರಿದ ದಿನದಿಂದಲೂ ಅವನಿಗೆ ಅವಳು ನೂನಾ, ಅಕ್ಕ.

ಅವಳು ಕರಡು ಮುಂದಿಟ್ಟಳು. ಅವನು ನಿಂತೇ ಓದಿದ. ಓದಿ ಮುಗಿಸಿ, "ಸರಿ" ಅಂದ. "ಇದ್ರಿಂದ ಮುಗಿಯೋದಾದ್ರೆ ಬರೀತೀನಿ. ಎಷ್ಟು ಗಂಟೆಗೆ ಬೇಕು?"

ಆ "ಸರಿ" ಕೇಳಿ ಯೂನ್‌ಹ್ವಾಳಿಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಅವನು ಲೇಖನಿ ಹಿಡಿದ. "ನಾನು, ಸೋಕ್ ಜೇಹಾ" ಅಂತ ಬರೆಯುವಷ್ಟರಲ್ಲಿ ಹೆಬ್ಬೆರಳು ಮಡಚಿತು, ಲೇಖನಿ ಜಾರಿ ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆಯಿತು. ಅವನು ನಾಚಿಕೊಂಡವನ ಹಾಗೆ ಇನ್ನೊಂದು ಹಾಳೆ ತೆಗೆದುಕೊಂಡ.

"ಬರೀಬೇಡ" ಅಂದಳು. "ಸಾಕು. ಇಡು ಅದನ್ನ."

ಆಮೇಲೆ ನಿಂತೇ ಎಲ್ಲ ಹೇಳಿದಳು. ಒಂಬತ್ತನೇ ಕಾಲಂ, ಮೂರು ಉತ್ತರ, ಮೂರು ಸಹಿ. ಆರು ವಾರ. ಪೋಲೆಂಡಿನ ಹುಡುಗ. ಹೆಸರಿನ ಮೇಲೊಂದು ಪಟ್ಟಿ. ಯಾವ ಮಾತಿಗೂ ಇಸ್ತ್ರಿ ಮಾಡಲಿಲ್ಲ.

ಜೇಹಾ ಮೊದಲು ನಗಲು ನೋಡಿದ. "ಹಳೇದ್ರಲ್ಲೇ ಆಡ್ಬಹುದಿತ್ತಾ?"

"ಆಡ್ಬಹುದಿತ್ತು."

"ಜನವರಿಯಿಂದ?"

"ಹೌದು."

"ಬರೀ ನನ್ನ ಹೆಸರು ಬರ್ದಿದ್ರೆ ಸಾಕಿತ್ತಾ? ಮೂರೇ ಅಕ್ಷರ?"

ಕೊರಿಯನ್ ಲಿಪಿಯಲ್ಲಿ ಅವನ ಪೂರ್ತಿ ಹೆಸರು ಮೂರೇ ಅಕ್ಷರ. ಅವಳು ಹೌದೆಂದು ತಲೆಯಾಡಿಸಿದಳು. ಅವನು ಬಗ್ಗಿ ಮೇಜಿನ ಕೆಳಗಿನ ಖಾನೆಯಿಂದ ಒಂದು ಕಾಲುಚೀಲ ತೆಗೆದ. ಅದರೊಳಗಿಂದ ಹಳೆಯ ಮೌಸ್ ಬಂತು, ಬಣ್ಣ ಹೋಗಿ ಬೆರಳಿನ ಗುರುತು ಬಿದ್ದದ್ದು. ತಂತಿ ಸಿಕ್ಕಿಸಿ, ಗುರಿ ಹೊಡೆಯುವ ಅಭ್ಯಾಸದ ಪರದೆ ತೆರೆದು ಕೂತ. ಯೂನ್‌ಹ್ವಾ ಅವನ ಹೆಗಲ ಹಿಂದೆ ಹೋಗಿ ನಿಂತಳು. ಒಂಬತ್ತು ದಿನ ಇದೆ, ಆದೀತು, ಆಗಿಬಿಡಲಿ ಅಂದುಕೊಂಡಳು. ಮೊದಲ ಹತ್ತು ಗುರಿ ಅವಳ ಕಣ್ಣಿಗೆ ಹಿಡಿಯದ ವೇಗದಲ್ಲಿ ಬಿದ್ದವು. ಅವನ ಮುಖದಲ್ಲಿ ಎಂಟು ತಿಂಗಳಿಂದ ಕಾಣದ ಒಂದು ಕಳೆ ಬಂತು. ಹದಿನೈದನೆಯದಕ್ಕೆ ಕೈ ನಿಂತಿತು. ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಪರದೆಯ ಮೇಲೆ ಗುರಿಗಳು ಬರುತ್ತಲೇ ಇದ್ದವು, ಯಾರೂ ಹೊಡೆಯಲಿಲ್ಲ.

"ಆಗಲ್ಲ" ಅಂದ. "ಫೈನಲ್ ಆಗಲ್ಲ."

"ಜೇಹಾ, ಒಂದು ವಾರ ವಿಶ್ರಾಂತಿ ತಗೊಂಡು..."

"ಬಾಯಿ ಮುಚ್ಚು."

ಒಂಬತ್ತು ವರ್ಷದಲ್ಲಿ ಅವನು ಅವಳಿಗೆ ಏಕವಚನ ಆಡಿರಲಿಲ್ಲ. ಆಡಿದ ಮೇಲೆ ಅವನೇನೂ ಹಿಂಜರಿಯಲಿಲ್ಲ, ಇನ್ನೂ ಜೋರಾದ. "ಬರೋವಾಗ್ಲೆಲ್ಲ ನೀನು ಸ್ಟ್ರಾಬೆರಿ ಹಾಲು ತಂದುಕೊಡ್ತಿದ್ದೆ. ಹೇಗಿದೀಯಾ, ನಿದ್ದೆ ಮಾಡ್ತೀಯಾ ಅಂತ ಕೇಳ್ತಿದ್ದೆ. ಕೋಚ್ ಮುಂದೆ, ಆ ನಾಲ್ಕು ಹುಡುಗರ ಮುಂದೆ! ಅವರ ಮುಂದೆ ನಾನು ಏನಂತ ಹೇಳ್ಲಿ? ಎಲ್ರಿಗಿಂತ ದೊಡ್ಡವನು ನಾನು. ಒಬ್ಬನೇ ಇದ್ದಾಗ ಒಂದೇ ಒಂದು ಸಲ ಬಂದು ಈ ಕೈ ಹಿಡಿದು ನೋಡಿದ್ಯಾ? ಮೂರು ಅಕ್ಷರ ಬರೀಲಿಲ್ವಲ್ಲೇ ನೀನು! ಹದಿನೆಂಟಕ್ಕೆ ಮನೆ ಬಿಟ್ಟೆ ನಾನು ಇದಕ್ಕೆ, ಬೇರೆ ಏನೂ ಬರಲ್ಲ ನನಗೆ, ಇದೊಂದೇ ಬರೋದು. ಇದನ್ನ ನೀನು... ಏನಂತ ಬರ್ದೆ? ಬಹಳ ಸಂತೋಷವಾಗಿದೆ?"

ಅವಳಿಗೆ ಅಳು ಬಂತು. ಅಳಲು ತನಗೆ ಹಕ್ಕಿಲ್ಲ ಅಂತ ನುಂಗಿಕೊಂಡಳು.

ಅವನು ಬಿಳಿಯ ಹಾಳೆಯನ್ನು ಅವಳ ಕಡೆ ತಳ್ಳಿದ. "ಐದು ಗಂಟೆಗೆ ಪತ್ರ ಬೇಕಲ್ವಾ? ನೀನು ಬರಿ. ನಿನ್ನ ಕೈಯಲ್ಲಿ."

ಅವಳು ಕೂತು ಬರೆಯತೊಡಗಿದಳು. "ಅಭಿಮಾನಿಗಳಿಗೆ ಆದ ಬೇಸರಕ್ಕೆ..."

"ಹೊಡೆದು ಹಾಕು. ಬೇಸರ ಅಲ್ಲ ಅದು."

ಹೊಡೆದು ಹಾಕಿದಳು. "ಸಂವಹನದಲ್ಲಿ ಆದ ಕೊರತೆಯಿಂದ..."

"ಏನು ಕೊರತೆ? ಅವರು ಕೇಳಿದ್ರು, ನೀನು ಸುಳ್ಳು ಹೇಳ್ದೆ. ಹೊಡೆದು ಹಾಕು."

ನಾಲ್ಕು ಹಾಳೆ ಹಾಳಾದವು. ಹನ್ನೊಂದು ವರ್ಷದಿಂದ ಅವಳ ಕೈಗೆ ಒಗ್ಗಿದ್ದ ವಾಕ್ಯಗಳು ಒಂದೊಂದಾಗಿ ಬಂದವು, ಅವನು ಒಂದೊಂದನ್ನೇ ಹಿಡಿದು ಹಾಕಿದ. ಐದನೇ ಹಾಳೆಯಲ್ಲಿ ಉಳಿದದ್ದು ಆರು ಸಾಲು. ಸೋಕ್ ಜೇಹಾನ ಕೈಗೆ ಮೌಸ್ ಒಗ್ಗುತ್ತಿಲ್ಲ ಎಂದು ನನಗೆ ನವೆಂಬರಿನಲ್ಲೇ ಗೊತ್ತಿತ್ತು. ಪಾಲುದಾರರು ಮೂರು ಸಲ ಕೇಳಿದರು. ಯಾರೂ ಇಲ್ಲ ಎಂದು ಮೂರು ಸಲ ನಾನು ಬರೆದೆ. ಅವನ ಹೆಸರು ಬರೆದಿದ್ದರೆ ಅವನು ಫೈನಲ್ ಆಡುತ್ತಿದ್ದ. ವೈದ್ಯರ ಚೀಟಿ ಗೂ ಇಲ್‌ಸೊಪ್ ಅವರ ಮೇಜಿನ ಖಾನೆಯಲ್ಲಿದೆ. ಜೇಹಾ ಯಾವುದನ್ನೂ ಮುಚ್ಚಿಟ್ಟಿಲ್ಲ.

ಅವನು ಅದನ್ನು ಎರಡು ಸಲ ಓದಿದ. ಕೊನೆಯ ಸಾಲಿನ ಮೇಲೆ ಅವನ ಕಣ್ಣು ಬಹಳ ಹೊತ್ತು ನಿಂತಿತು.

"ನಿಜ ಹೇಳ್ಲಾ?" ಅಂದ. "ನೀನು ಒಬ್ಬಳೇ ಬಂದು ಕೇಳಿದ್ರೂ ನಾನು ಚೆನ್ನಾಗಿದೀನಿ ಅಂತ್ಲೇ ಹೇಳ್ತಿದ್ದೆ."

ಯೂನ್‌ಹ್ವಾ ಲೇಖನಿ ಎತ್ತಿದಳು.

"ಅದನ್ನ ಬರೀಬೇಡ" ಅಂದ ಅವನು. "ಆ ನೆಪ ನಿನಗೆ ಸಿಗಬಾರದು."

ಅವಳು ಬರೆಯಲಿಲ್ಲ. ಕೆಳಗೆ ತನ್ನ ಹೆಸರು ಬರೆದು ಹಾಳೆಯನ್ನು ಅವನ ಮುಂದೆ ಇಟ್ಟಳು.